ಮಣ್ಣಿನ ಶ್ರುತಿ ಹಿಡಿಯುವ ಕೋಲು

ಮೆಟಲ್ ಡಿಟೆಕ್ಟರ್ ಹೊಸದಾಗಿ ಕೈಗೆ ಬಂದವರು ಮೊದಲು ಮಾಡುವುದು ಸೆನ್ಸಿಟಿವಿಟಿಯನ್ನು ತುದಿಗೇರಿಸುವ ಕೆಲಸ. ಆಗ ಅದು ಕಲ್ಲಿಗೂ ಕಿರುಚುತ್ತದೆ, ಮೇಲಿನ ಕರೆಂಟ್ ತಂತಿಗೂ ಕಿರುಚುತ್ತದೆ. ಹದ ಗೊತ್ತಿದ್ದವರ ಕೈಯಲ್ಲೇ ಇದು ಚೆಂದ.

ಕೋಲಿನ ಕೆಳತುದಿಯ ತಟ್ಟೆಯೊಳಗಿರುವುದು ತಾಮ್ರದ ತಂತಿಯ ಸುರುಳಿ. ಅದು ಹುಟ್ಟಿಸುವ ಕಾಂತಕ್ಷೇತ್ರ ಮಣ್ಣಿನೊಳಗಿನ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿಗಳನ್ನು ಎಬ್ಬಿಸುತ್ತದೆ. ಅವುಗಳ ಮಾರ್ದನಿಯೇ ನಮಗೆ ಕೇಳುವ ಸದ್ದು. 1881ರಲ್ಲಿ ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಮೈಯಲ್ಲಿ ಗುಂಡು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದ್ದೇ ಉಪಕರಣ ಬಳಸಿದ್ದ. ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳೂ ದಾರಿ ತಪ್ಪಿಸಿದವು ಅನ್ನುತ್ತಾರೆ.

ನನಗೆ ಬಲು ಇಷ್ಟವಾದದ್ದು ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನದೇ ಸದ್ದನ್ನು ಅಡಗಿಸುವ ಹೊಂದಾಣಿಕೆ. ಲೋಹವಿಲ್ಲದ ಜಾಗ ನೋಡಿಕೊಂಡು, ತಟ್ಟೆಯನ್ನು ಗೇಣೆತ್ತರದಿಂದ ನೆಲದ ಹತ್ತಿರಕ್ಕೆ ಇಳಿಸಿ ಎತ್ತುತ್ತ, ಸದ್ದು ಏರದೆ ಇಳಿಯದೆ ಒಂದೇ ಸಮ ನಿಲ್ಲುವವರೆಗೆ ನಾಬ್ ತಿರುಗಿಸಬೇಕು. ತಂಬೂರಿ ಶ್ರುತಿ ಮಾಡಿದ ಹಾಗೆಯೇ. ನಮ್ಮ ಕರಾವಳಿಯ ಮುರಕಲ್ಲಿನ ನೆಲದಲ್ಲಿ ಕಬ್ಬಿಣದ ಅಂಶ ಜಾಸ್ತಿ. ಅಲ್ಲಿ ಈ ಕೆಲಸ ಬಿಟ್ಟರೆ ಮಣ್ಣೇ ಲೋಹದಂತೆ ಮಾತಾಡುತ್ತದೆ. ಸೆನ್ಸಿಟಿವಿಟಿಯನ್ನೂ ಒಂದೆರಡು ಹೆಜ್ಜೆ ಇಳಿಸಬೇಕಾಗುತ್ತದೆ.

ಬೇಡದ ಲೋಹವನ್ನು ಸೋಸುವ ಡಿಸ್ಕ್ರಿಮಿನೇಶನ್ ಮಾತ್ರ ಸ್ವಲ್ಪ ಕಪಟಿ. ಮೊಳೆ, ಸಿಗರೇಟ್ ಪ್ಯಾಕಿನ ಬೇಗಡೆ ಬೇಡವೆಂದು ಏರಿಸುತ್ತ ಹೋದರೆ ತೆಳು ಚಿನ್ನದ ಉಂಗುರವೂ ಬಾಯಿ ಮುಚ್ಚಿಕೊಂಡುಬಿಡುತ್ತದೆ, ಬೇಗಡೆ, ಉಂಗುರ ಎರಡರ ಸದ್ದೂ ಹತ್ತಿರ ಹತ್ತಿರ. ಹಳಬರು ಡಿಸ್ಕ್ರಿಮಿನೇಶನ್ ಕಡಿಮೆಯಲ್ಲೇ ಇಟ್ಟು, ಅನುಮಾನ ಬಂದಲ್ಲಿ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬೀಸಿ ನೋಡಿ, ಎರಡೂ ಗೆರೆ ಕೂಡುವಲ್ಲಿ ಸಲಿಕೆ ಊರುತ್ತಾರೆ.