ಖುಲಾಸೆ: ಸಾರವೋ, ವಿವರಣೆಯೋ, ಬಿಡುಗಡೆಯೋ

ಪಠ್ಯವನ್ನು ಕಿರಿದುಗೊಳಿಸುವ ಕೆಲಸಕ್ಕೆ ಕನ್ನಡ ವಿದ್ವತ್ತು ಸಾರಾಂಶ, ಸಂಕ್ಷೇಪ, ಸಂಗ್ರಹ ಎಂಬ ಮೂರು ಪದಗಳನ್ನು ಪರ್ಯಾಯಗಳೆಂಬಂತೆ ಬಳಸುತ್ತ ಬಂದಿದೆ. ಗಡಿನಾಡಿನ ಓದುಗನಿಗೆ ನಾಲ್ಕನೆಯದೊಂದು ಪದವೂ ಎದುರಾಗುತ್ತದೆ: ಅರಬ್ಬಿ ಮೂಲದ 'ಖುಲಾಸಾ'. ಉರ್ದುವಿನಲ್ಲಿ ಅದು ಸಾರಾಂಶ. ಕನ್ನಡಕ್ಕೆ 'ಖುಲಾಸೆ'ಯಾಗಿ ಬಂದಾಗ ಕಳಚಿಹೋದದ್ದು ಈ ಅರ್ಥವೇ. ಕನ್ನಡದಲ್ಲಿ ಆರೋಪಿ ಖುಲಾಸೆಯಾಗುತ್ತಾನೆ, ಪಠ್ಯ ಆಗುವುದಿಲ್ಲ.

ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳಲ್ಲಿ ಈ ವ್ಯತ್ಯಾಸ ಕೇವಲ ನಿಘಂಟಿನ ಕುತೂಹಲವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮೊದಲೆರಡು ಬೀದರ್ ಜಿಲ್ಲೆಯ, ಮೂರನೆಯದು ಗುಲ್ಬರ್ಗ ಜಿಲ್ಲೆಯ ತಾಲ್ಲೂಕುಗಳು. ನಿಜಾಮರ ಕಾಲದ ಕಚೇರಿಯ ಭಾಷೆ ಉರ್ದು, ಆಮೇಲಿನದು ತೆಲುಗು. ಹಳೆಯ ಕಾಗದಪತ್ರ ಬಿಡಿಸುವ ಕನ್ನಡಿಗ ಸಂಶೋಧಕನ ಕಿವಿಯಲ್ಲಿ ಒಂದೇ ಪದ ಹಲವು ದನಿಗಳಲ್ಲಿ ಮೊಳಗುತ್ತದೆ. ಉರ್ದುವಿನ ಖುಲಾಸಾ ಮಾತನ್ನು ಕುಗ್ಗಿಸಿದರೆ, ಮರಾಠಿಯ ಖುಲಾಸಾ ವಿವರಣೆಯಾಗಿ ಅದನ್ನು ಹಿಗ್ಗಿಸುತ್ತದೆ. ಅದೇ ಬಳ್ಳಿಯದೆನ್ನಬಹುದಾದ ತೆಲುಗಿನ 'ಕುಲಾಸಾ' ಕ್ಷೇಮ, ನೆಮ್ಮದಿ. ಮೂಲ ಧಾತುವಿನಲ್ಲಿ ಬೆರಕೆಯಿಂದ ಬೇರ್ಪಟ್ಟು ಶುದ್ಧವಾಗು, ಪಾರಾಗು ಎಂಬ ಭಾವವಿದೆ. ಹಿಂಡಿ ತೆಗೆದ ಸಾರಕ್ಕೂ ಬಿಡುಗಡೆಗೂ ಬೇರು ಒಂದೇ.

'ಮುಕದ್ದಮೆಯ ಖುಲಾಸಾ' ಎಂಬ ಉರ್ದು ಶೀರ್ಷಿಕೆಯೊಂದನ್ನು ಊಹಿಸಿಕೊಳ್ಳಬಹುದು. ಅದು ಗುಮಾಸ್ತ ಬರೆದ ಪ್ರಕರಣದ ಸಾರಾಂಶ. ಮರಾಠಿಯ ರೂಢಿಯಲ್ಲಿ ಓದಿದರೆ ಕಕ್ಷಿದಾರ ಕೊಟ್ಟ ವಿವರಣೆ. ಕನ್ನಡದ ರೂಢಿಯಲ್ಲಿ ನ್ಯಾಯಾಧೀಶನ ಬಿಡುಗಡೆಯ ಆದೇಶ. ಇಲ್ಲಿ ತಪ್ಪುವುದು ಅರ್ಥವೊಂದೇ ಅಲ್ಲ, ಮಾತಿನ ಕರ್ತೃವೇ ಬದಲಾಗುತ್ತಾನೆ. ಶಿಕ್ಷೆಗೊಳಗಾದವನು ಅನುವಾದದಲ್ಲಿ ಬಿಡುಗಡೆ ಪಡೆದುಬಿಡಬಹುದು!

ಹಾಗಾದರೆ ಅನುವಾದಕ 'ಸಂಕ್ಷೇಪ' ಎಂದು ಬರೆದು ಕೈತೊಳೆದುಕೊಂಡರೆ ಸಾಲದೆ? ಸಾಲದು. ಕರ್ತೃವಿನ ಪ್ರಶ್ನೆ ಕನ್ನಡದ ಪದಗಳ ನಡುವೆಯೂ ಇದೆ. ತೀ.ನಂ. ಶ್ರೀಕಂಠಯ್ಯನವರ 'ಗದಾಯುದ್ಧ ಸಂಗ್ರಹ'ದಲ್ಲಿ ಪದ್ಯಗಳು ಕಡಿಮೆಯಾಗಿವೆ, ಆದರೆ ಉಳಿದ ಪದ್ಯಗಳು ರನ್ನನವೇ. (ಆ ರನ್ನನೇ ಇಡೀ ಭಾರತವನ್ನು ಸಿಂಹಾವಲೋಕನದಲ್ಲಿ ಹಿಡಿದವನು ಎಂಬುದನ್ನೂ ನೆನೆಯಬಹುದು.) ಅದೇ ಕಾವ್ಯದ ಗದ್ಯ ಸಾರಾಂಶದಲ್ಲಿ ಕಥೆ ಉಳಿದರೂ ರನ್ನನ ಒಂದು ಮಾತೂ ಉಳಿಯಬೇಕೆಂದಿಲ್ಲ. ಸಂಗ್ರಹವೆಂದರೆ ಆಯ್ದು ಒಟ್ಟುಗೂಡಿಸುವುದು, ಸಾರಾಂಶವೆಂದರೆ ಹಿಂಡುವುದು. ಮೊದಲನೆಯದರಲ್ಲಿ ಸಂಪಾದಕ ತಾನು ಬಿಟ್ಟದ್ದಕ್ಕೆ ಹೊಣೆ. ಎರಡನೆಯದರಲ್ಲಿ ಹೇಳಿದ್ದಕ್ಕೂ ಹೊಣೆ. 'ಸಂಕ್ಷೇಪ' ಗಾತ್ರವನ್ನಷ್ಟೇ ಸೂಚಿಸಿ ಈ ಹೊಣೆಯನ್ನು ಮರೆಮಾಡುತ್ತದೆ. ಸಂಶೋಧನ ಬರಹಗಳಲ್ಲಿ ಅದು ಇಷ್ಟು ಜನಪ್ರಿಯವಾಗಿರುವುದಕ್ಕೆ ಈ ಅನುಕೂಲವೂ ಕಾರಣವಿರಬಹುದು.

ಉರ್ದು ಖುಲಾಸಾದ ಮುಂದೆ ಅನುವಾದಕ ಮೊದಲು ನೋಡಬೇಕಾದದ್ದು ಕಾಗದದ ಒಳಗಿನ ವಾಕ್ಯಗಳನ್ನು. ಅವು ಸಾಕ್ಷಿಯ ಹೇಳಿಕೆಯಿಂದ ಹಾಗೆಯೇ ಎತ್ತಿಕೊಂಡವಾಗಿದ್ದರೆ ಅದು ಸಂಗ್ರಹ. ಗುಮಾಸ್ತನ ಮಾತಿಗೆ ತಿರುಗಿದ್ದರೆ ಸಾರಾಂಶ. ಎರಡೂ ಬೆರೆತಿದ್ದರೆ 'ಖುಲಾಸಾ' ಎಂದೇ ಉಳಿಸಿ, ಯಾವ ಸಾಲು ಯಾರದೆಂದು ಅಡಿಟಿಪ್ಪಣಿಯಲ್ಲಿ ತೋರಿಸುವುದು ಮೇಲು.