ಕರಾವಳಿಯ ಬಾವಿನೀರು ಮತ್ತು ಗುಣಸೂಚ್ಯಂಕದ ನಕಾಶೆ: ಒಂದು ವಿಮರ್ಶೆ

ಕರಾವಳಿಯ ಅಂತರ್ಜಲವನ್ನು ಕುರಿತ ಪ್ರಬಂಧಗಳಲ್ಲಿ ಈಗ ಒಂದು ಕ್ರಮ ನೆಲೆಗೊಂಡಿದೆ. ಆಯ್ದ ಬಾವಿಗಳ ನೀರನ್ನು ಸಂಗ್ರಹಿಸಿ, ಹತ್ತು ಹನ್ನೆರಡು ಗುಣಗಳನ್ನು ಅಳೆದು, ಅವೆಲ್ಲವನ್ನೂ ಒಂದೇ ಸೂಚ್ಯಂಕಕ್ಕೆ ಇಳಿಸಿ, ಬಣ್ಣದ ನಕಾಶೆಯೊಂದನ್ನು ರಚಿಸುವುದೇ ಆ ಕ್ರಮ. ಹಾರ್ಟನ್ ಎಂಬುವರು 1965ರಲ್ಲಿ ಮಂಡಿಸಿದ ಕಲ್ಪನೆಯಿಂದ ಬೆಳೆದುಬಂದ ಈ ವಿಧಾನವು ಪ್ರಯೋಜನವಿಲ್ಲದ್ದಲ್ಲ. ರಸಾಯನಶಾಸ್ತ್ರವನ್ನರಿಯದ ಪಂಚಾಯತಿ ಸದಸ್ಯರಿಗೂ ಅದು ನೋಡಿದೊಡನೆ ಅರ್ಥವಾಗುವುದು. ಆದರೆ ಹಾಗೆ ಅರ್ಥವಾದದ್ದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸುವುದು ಅಗತ್ಯ.

ಮೊದಲನೆಯ ದೋಷ ಸರಾಸರಿಯದು. ಭಾರತೀಯ ಮಾನಕ ಬ್ಯೂರೋದ 2012ರ ಮಾನದಂಡದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ನೈಟ್ರೇಟು 45 ಮಿಲಿಗ್ರಾಮನ್ನು ಮೀರಕೂಡದು. ಒಂದು ಬಾವಿಯಲ್ಲಿ ಅದು 90 ಮಿಲಿಗ್ರಾಮಿದ್ದು, ಉಳಿದ ಒಂಬತ್ತು ಗುಣಗಳು ತಮ್ಮ ಮಿತಿಯ ನೂರಕ್ಕೆ 30ರಷ್ಟಿವೆಯೆಂದು ಭಾವಿಸೋಣ. ಹತ್ತಕ್ಕೂ ಸಮಾನ ತೂಕವಿತ್ತರೆ ಸೂಚ್ಯಂಕ 47 ಆಗುವುದು. ರೂಢಿಯಲ್ಲಿರುವ ಒಂದು ವರ್ಗೀಕರಣದಲ್ಲಿ 50ಕ್ಕಿಂತ ಕಡಿಮೆಯಾದುದು ‘ಅತ್ಯುತ್ತಮ’. ಎಳೆಯ ಶಿಶುವಿನ ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕುಂದಿಸಬಲ್ಲ ನೀರು ಹೀಗೆ ನಕಾಶೆಯಲ್ಲಿ ಹಸುರಾಗಿ ಕಾಣಿಸಿಕೊಳ್ಳುತ್ತದೆ. ತೂಕಗಳನ್ನು ಬದಲಿಸಿ ಈ ದೋಷವನ್ನು ತಗ್ಗಿಸಬಹುದು. ಆದರೆ ಒಂದರ ಅಧಿಕ್ಯವನ್ನು ಇನ್ನೊಂದರ ಅಲ್ಪತೆ ಮುಚ್ಚುವುದು ಸರಾಸರಿಯ ಸ್ವಭಾವವೇ ಆಗಿದೆ.

ಎರಡನೆಯದು ಕಾಲದ ದೋಷ. ಕರ್ನಾಟಕದ ಕರಾವಳಿಯಲ್ಲಿ ಮಳೆಯ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ರಂಧ್ರಮಯವಾದ ಜಂಬಿಟ್ಟಿಗೆಯು ಆ ನೀರನ್ನು ಬೇಗ ಹೀರಿ ಬೇಗ ಬಿಟ್ಟುಕೊಡುತ್ತದೆ. ಆದುದರಿಂದ ಮಳೆಗಾಲದಲ್ಲಿ ತುಂಬಿದ ಬಾವಿ ಮೇ ತಿಂಗಳಿನ ಹೊತ್ತಿಗೆ ತಳ ಕಾಣುವುದು ಅಪರೂಪವಲ್ಲ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ನಲವತ್ತರಲ್ಲೊಂದು ಪಾಲು ಭಾರವಾದುದು. ಆದುದರಿಂದ, ಗೈಬೆನ್–ಹರ್ಜ್‌ಬರ್ಗ್ ಸೂತ್ರದಂತೆ, ಸಮುದ್ರಮಟ್ಟದ ಮೇಲಿನ ಸಿಹಿನೀರು 1 ಮೀಟರು ಇಳಿದರೆ ಸಮತೋಲದ ಸ್ಥಿತಿಯಲ್ಲಿ ಕೆಳಗಣ ಉಪ್ಪುನೀರು ಸುಮಾರು 40 ಮೀಟರು ಮೇಲೇರುವುದು. ಬೇಸಗೆಯಲ್ಲಿ ನೇತ್ರಾವತಿಯಂತಹ ನದಿಗಳ ಹರಿವು ಕುಗ್ಗಿದಾಗ ಭರತದೊಡನೆ ಉಪ್ಪುನೀರು ಒಳನಾಡಿಗೂ ಸರಿಯುತ್ತದೆ; ಕಿಂಡಿ ಅಣೆಕಟ್ಟುಗಳ ಉದ್ದೇಶಗಳಲ್ಲಿ ಅದನ್ನು ತಡೆಯುವುದೂ ಒಂದು. ನವೆಂಬರಿನ ಮಾದರಿಗಳಿಂದ ರಚಿಸಿದ ನಕಾಶೆ ಏಪ್ರಿಲಿನ ಬಾಯಾರಿಕೆಗೆ ಉತ್ತರ ಕೊಡಲಾರದು.

ಮೂರನೆಯದು ಸ್ಥಳದ ದೋಷ. ಬಾವಿಗಳ ನಡುವಣ ಬಣ್ಣ ಅಳೆದದ್ದಲ್ಲ, ಗಣಿತದಿಂದ ಊಹಿಸಿದ್ದು. ಗಣಕಕ್ಕೆ ನಡುವೆ ಹರಿಯುವ ಉಪ್ಪುಹೊಳೆಯ ಅರಿವಿಲ್ಲ. ತೋಡಿದ ಬಾವಿಯೂ ಕಲ್ಲಿನ ಬಿರುಕನ್ನು ಮುಟ್ಟುವ ಕೊಳವೆಬಾವಿಯೂ ಅದಕ್ಕೆ ಒಂದೇ. ಲವಣಾಂಶ ಹೆಚ್ಚಿದೆಯೆಂದ ಮಾತ್ರಕ್ಕೆ ಅದು ಸಮುದ್ರದಿಂದಲೇ ಬಂದಿತೆನ್ನಲಾಗದು. ಕ್ಲೋರೈಡು ಮತ್ತು ಬೈಕಾರ್ಬೊನೇಟುಗಳ ಪ್ರಮಾಣವನ್ನು ಹೋಲಿಸಿ ನೋಡುವ ಮಾರ್ಗವನ್ನು ರೆವೆಲ್ 1941ರಲ್ಲಿಯೇ ತೋರಿದ್ದರು. ಸೂಚ್ಯಂಕದೊಳಗೆ ಆ ಹೋಲಿಕೆಯೇ ಅಳಿಸಿಹೋಗುತ್ತದೆ.

ಇಷ್ಟರಿಂದ ನಕಾಶೆಯೇ ಬೇಡವೆಂದು ತೀರ್ಮಾನಿಸಬೇಕಾಗಿಲ್ಲ. ಕ್ಲೋರೈಡು, ನೈಟ್ರೇಟು, ಆಮ್ಲತೆ, ಕೋಲಿಫಾರ್ಮ್ ಜೀವಾಣು ಇವುಗಳಿಗೆ ಪ್ರತ್ಯೇಕ ಪಟಗಳಿರಲಿ. ಮಳೆಯ ಬಳಿಕ ಒಮ್ಮೆ, ಬೇಸಗೆಯ ಕೊನೆಯಲ್ಲಿ ಒಮ್ಮೆ ಅಳತೆಯಾಗಲಿ. ಪ್ರತಿ ಬಾವಿಯ ಸ್ಥಾನವೂ ಆಳವೂ ಪಟದ ಮೇಲೆ ನಮೂದಾಗಲಿ. ಯಾವುದೊಂದು ಅಪಾಯಕರ ಗುಣ ಮಿತಿ ಮೀರಿದರೂ, ಸೂಚ್ಯಂಕವೆಷ್ಟೇ ಇರಲಿ, ಆ ಬಾವಿ ಹಸುರಾಗಕೂಡದು. ನಕಾಶೆಯನ್ನು ನಂಬಿ ಕೊಡ ತುಂಬಿಸುವವರು ಸರಾಸರಿಯನ್ನಲ್ಲ, ಒಂದು ಬಾವಿಯ ನೀರನ್ನು ಕುಡಿಯುತ್ತಾರೆ.