ಏಕಖಂಡದ ದಂಡ

1976ರಿಂದ 1986ರವರೆಗೆ ಅಮೆರಿಕದಲ್ಲಿ ನಿರ್ಮಾಣಗೊಂಡ ಸಿಜೆ-7 ಜೀಪುಗಳಲ್ಲಿ ಬಹುಪಾಲಿಗೆ ಹಿಂಬದಿಯ ಆಧಾರವಾಗಿದ್ದ ಎಎಂಸಿ 20 ಆಕ್ಸಲ್ಲಿನ ಒಡಲೊಳಗೆ 8.875 ಅಂಗುಲ ವ್ಯಾಸದ ರಿಂಗ್ ಗೇರು ಬಲಿಷ್ಠವಾಗಿಯೇ ಇದ್ದಿತಾದರೂ, ಚಕ್ರವನ್ನು ತಿರುಗಿಸುವ ದಂಡದ ಶಂಕುವಿನಾಕಾರದ ತುದಿಗೆ ಹಬ್ ಅನ್ನು ಬೇರೆಯಾಗಿ ತೊಡಿಸಿ, ಬೆಣೆಯಿಟ್ಟು, ನಟ್ಟಿನಿಂದ ಬಿಗಿದಿದ್ದುದರಿಂದ, ದೊಡ್ಡ ಟೈರು ಬಂಡೆಗಳ ಸಂದಿನಲ್ಲಿ ಸಿಲುಕಿ ಎಂಜಿನ್ನು ಹೂಂಕರಿಸಿದಾಗ ಬೆಣೆ ತುಂಡಾಗಿ ದಂಡವು ಹಬ್ಬಿನೊಳಗೆ ವ್ಯರ್ಥವಾಗಿ ತಿರುಗುವುದುಂಟು. ಈ ದೌರ್ಬಲ್ಯಕ್ಕೆ ಕುಶಲಕರ್ಮಿಗಳು ಕಂಡುಕೊಂಡ ಪರಿಹಾರವಾದರೋ, ಚಕ್ರವನ್ನು ಹಿಡಿಯುವ ಫಲಕವೂ ದಂಡವೂ ಒಂದೇ ಉಕ್ಕಿನಿಂದ ಮೂಡಿಬಂದ ಏಕಖಂಡದ ಆಕ್ಸಲ್. ಅಲ್ಲಿ ಬೆಣೆಯೂ ಇಲ್ಲ, ಸಂಧಿಯೂ ಇಲ್ಲ.

ಆದರೆ ನನ್ನ ಮನಸ್ಸನ್ನು ಸೆಳೆಯುವುದು ಅದನ್ನು ಕೂರಿಸುವ ಕೈ. ವರ್ಷಗಟ್ಟಲೆ ಕಚ್ಚಿಕೊಂಡಿದ್ದ ಹಳೆಯ ಹಬ್ ಪುಲ್ಲರಿನ ಒತ್ತಡಕ್ಕೆ ಠಣ್ಣೆಂದು ಕಳಚುವ ಸದ್ದು, ಗೇರ್ ಎಣ್ಣೆಯ ಗಂಧಕದ ಘಾಟು, ಸೀಲಿನ ಅಂಚಿಗೆ ಸವರಿದ ಗ್ರೀಸಿನ ಹೊಳಪು, ಇವುಗಳ ನಡುವೆ ಮೆಕ್ಯಾನಿಕನು ಹೊಸ ದಂಡವನ್ನು ಸೀಲಿಗೆ ತಾಗಿಸದೆ ಒಳನೂಕುತ್ತ, ಕಾಣದ ಕತ್ತಲಲ್ಲಿ ದಂಡದ ತುದಿಯ ಹಲ್ಲುಗೆರೆಗಳಾದ 29 ಸ್ಪ್ಲೈನುಗಳು ಒಳಗಿನ ಗೇರಿನೊಡನೆ ಕೂಡುವ ಕ್ಷಣವನ್ನು ಅಂಗೈಯ ಅರಿವಿನಿಂದಲೇ ಗ್ರಹಿಸುತ್ತಾನೆ. ಬಳಿಕ ತೆಳುವಾದ ಲೋಹದ ಬಿಲ್ಲೆಗಳಾದ ಶಿಮ್ಮುಗಳನ್ನು ಸೇರಿಸಿಯೂ ತೆಗೆದೂ, ದಂಡದ ಆಚೀಚೆಯ ಚಲನೆಯನ್ನು ಅಂಗುಲದ ಸಾವಿರದಲ್ಲಿ ಕೆಲವೇ ಅಂಶಗಳಿಗೆ ಇಳಿಸುವ ಆ ತಾಳ್ಮೆ ಶಿಲ್ಪಿಯ ತಾಳ್ಮೆಗೆ ಕಡಿಮೆಯಾದುದಲ್ಲ. ಅದೇ ವೇಳೆಗೆ ಆಕ್ಸಲ್ ಕೊಳವೆಗಳು ಒಡಲನ್ನು ಸೇರುವೆಡೆಯ ಬೆಸುಗೆಯನ್ನೂ ಮುಂದೆ ಸಡಿಲಗೊಳ್ಳದಂತೆ ಬಲಪಡಿಸುವವರು ನಿಜವಾದ ದೂರದರ್ಶಿಗಳು.